ಅಬಕಾರಿಯ ಅಳತೆ ಮತ್ತು ಉಸಿರಿನ ಅಳತೆ: ಮಂಡ್ಯ, ಮದ್ದೂರು, ಮಳವಳ್ಳಿಗಳಲ್ಲಿ ದ್ರಾವಕಗಳ ಬಳಕೆ ಮತ್ತು ಒಳಗಾಳಿಯ ಚರಿತ್ರೆ

1. ಪೀಠಿಕೆ

ಮಂಡ್ಯ ಜಿಲ್ಲೆಯ ಕೈಗಾರಿಕೆಗಳ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಕನ್ನಂಬಾಡಿಯ ಕಟ್ಟೆಯಿಂದ ತೊಡಗಿ, ನಾಲೆ, ಕಬ್ಬು, ಸಕ್ಕರೆ ಎಂಬ ಕ್ರಮದಲ್ಲಿ ಮುಂದುವರಿಯುತ್ತಾರೆ. ಈ ಕ್ರಮವು ಸರಿಯಾದುದೇ. ನೀರು ಬಂದುದರಿಂದ ಕಬ್ಬು ಬಂದಿತು; ಕಬ್ಬು ಬಂದುದರಿಂದ ಕಾರ್ಖಾನೆ ಬಂದಿತು. ಆದರೆ ಕಾರ್ಖಾನೆಯ ಒಳಗೆ ಕೆಲಸ ಮಾಡಿದವರು ಎಂಥ ಗಾಳಿಯನ್ನು ಉಸಿರಾಡಿದರು ಎಂಬ ಪ್ರಶ್ನೆಗೆ ನಮ್ಮ ಚರಿತ್ರಲೇಖನದಲ್ಲಿ ಈವರೆಗೆ ಸಾಕಷ್ಟು ಸ್ಥಳ ದೊರೆತಿಲ್ಲ. ನೆಲ, ನೀರು, ಬಂಡವಾಳ, ಕೂಲಿ ಇವುಗಳಿಗೆ ಲೆಕ್ಕವುಂಟು, ಗಾಳಿಗೆ ಲೆಕ್ಕವಿಲ್ಲ.

ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯ ಒಂದು ಭಾಗವನ್ನು ಮಾತ್ರ ಎತ್ತಿಕೊಂಡಿದ್ದೇವೆ. ಬೇರೆ ಪದಾರ್ಥಗಳನ್ನು ಕರಗಿಸಿಕೊಂಡು, ತಾವು ಬೇಗನೆ ಆವಿಯಾಗಿ ಹೋಗುವ ದ್ರವಗಳನ್ನು ಇಲ್ಲಿ ದ್ರಾವಕಗಳೆಂದು ಕರೆಯುತ್ತೇವೆ. ಹಿಂದೆ ಗಂಧಕದ್ರಾವಕವೆಂಬಂಥ ಪ್ರಯೋಗಗಳಲ್ಲಿ ಈ ಮಾತು ಆಮ್ಲಗಳಿಗೂ ಸಲ್ಲುತ್ತಿದ್ದಿತು. ಇಲ್ಲಿ ಆ ಅರ್ಥವನ್ನು ವಿವಕ್ಷಿಸಿಲ್ಲ. ಮದ್ಯಸಾರ, ಅಸಿಟೋನ್, ಬೆಂಜೀನ್, ಟಾಲೂಯಿನ್ ಮೊದಲಾದುವು ನಮ್ಮ ವಿಷಯ. ಇವುಗಳನ್ನು ಬಳಸುವ ಕೋಣೆಯ ಗಾಳಿಯನ್ನು ಕಾಯುವ ಹೊಣೆ ಯಾರದೆಂದು ಕಾನೂನು ಯಾವ ಯಾವ ಕಾಲದಲ್ಲಿ ಬಗೆಯಿತು, ಆ ಹೊಣೆಯನ್ನು ಯಾವ ಅಳತೆಯಿಂದ ಅಳೆಯಿತು ಎಂಬುದನ್ನು ಪರಿಶೀಲಿಸುವುದು ನಮ್ಮ ಉದ್ದೇಶ. ಯಾವುದೇ ಒಂದು ಸಂಸ್ಥೆಯ ಮೇಲೆ ದೋಷಾರೋಪಣೆ ಮಾಡುವುದು ನಮ್ಮ ಉದ್ದೇಶವಲ್ಲ. ಮಂಡ್ಯ, ಮದ್ದೂರು, ಮಳವಳ್ಳಿ ಎಂಬ ಮೂರು ಊರುಗಳು ಕ್ರಮವಾಗಿ ದೊಡ್ಡ ಕಾರ್ಖಾನೆ, ರಸ್ತೆಯ ಬದಿಯ ಕಾರ್ಯಾಗಾರ, ವಾಸದ ಮನೆ ಎಂಬ ಮೂರು ಬಗೆಯ ಕೆಲಸದ ಸ್ಥಳಗಳಿಗೆ ನಿದರ್ಶನವಾಗಿ ಒದಗುವುದರಿಂದ ಈ ಕ್ರಮವನ್ನು ಅನುಸರಿಸಿದ್ದೇವೆ. ಮೂರು ಬಗೆಯ ಸ್ಥಳಗಳೂ ಮೂರು ಊರುಗಳಲ್ಲಿಯೂ ಇವೆಯೆಂಬುದನ್ನು ವಾಚಕರು ಮರೆಯಬಾರದು.

2. ಹೊಗೆಯ ಮನೆ ಮತ್ತು ಆವಿಯ ಮನೆ

ಸಕ್ಕರೆಯ ಕಾರ್ಖಾನೆಗೆ ಮೊದಲು ಈ ಸೀಮೆಯಲ್ಲಿ ಆಲೆಮನೆಗಳಿದ್ದವು, ಇಂದಿಗೂ ಇವೆ. ಗಾಣದಿಂದ ಬಂದ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ ಬೆಲ್ಲ ಮಾಡುವ ಆಲೆಮನೆಯ ಕಟ್ಟಡವನ್ನು ನೋಡಿದರೆ ಅದರ ವಿನ್ಯಾಸದಲ್ಲಿ ಒಂದು ಅನುಭವಜನ್ಯ ವಿವೇಕ ಕಾಣುತ್ತದೆ. ಚಾವಣಿ ಎತ್ತರ; ಪಕ್ಕಗಳು ಬಹುಮಟ್ಟಿಗೆ ತೆರೆದಿರುತ್ತವೆ. ಬೆಂಕಿಯ ಹೊಗೆಯೂ ಹಾಲಿನ ಹಬೆಯೂ ಬಿಸಿಯಾಗಿರುವುದರಿಂದ ಮೇಲಕ್ಕೇರಿ ಹೊರಗೆ ಹೋಗುತ್ತವೆ. ನಮ್ಮ ಹಳೆಯ ಮನೆಗಳ ಗವಾಕ್ಷಿ, ಬೆಳಕಿಂಡಿ, ಸೂರಿನ ಕೆಳಗಿನ ತೆರಪು ಇವೆಲ್ಲವೂ ಇದೇ ತತ್ತ್ವವನ್ನು ಅವಲಂಬಿಸಿವೆ. ಕಣ್ಣಿಗೆ ಕಾಣುವ, ಕಣ್ಣನ್ನು ಉರಿಸುವ, ಮೇಲಕ್ಕೇರುವ ಕೆಟ್ಟ ಗಾಳಿಗೆ ನಮ್ಮ ಜನ ದಾರಿಯನ್ನು ಬಲ್ಲವರಾಗಿದ್ದರು.

ದ್ರಾವಕದ ಆವಿಯ ನಡತೆ ಬೇರೆ. ಅದು ಕಣ್ಣಿಗೆ ಕಾಣದು. ಮದ್ಯಸಾರದ ಆವಿ ಗಾಳಿಗಿಂತ ಸುಮಾರು 1.6 ಪಟ್ಟು, ಅಸಿಟೋನಿನದು 2 ಪಟ್ಟು, ಬೆಂಜೀನಿನದು 2.7 ಪಟ್ಟು ಭಾರ. ಆದುದರಿಂದ ದ್ರವವು ತೆರೆದಿರುವ ಸ್ಥಳದ ಸಮೀಪದಲ್ಲಿ ಈ ಆವಿ ಮೊದಲು ಕೆಳಕ್ಕಿಳಿದು ನೆಲದ ಮೇಲೆ ಹರಿಯುತ್ತದೆ, ಗುಂಡಿಗಳಲ್ಲಿಯೂ ತೊಟ್ಟಿಗಳಲ್ಲಿಯೂ ನಿಲ್ಲುತ್ತದೆ. ಅನಂತರ ಗಾಳಿಯ ಅಲುಗಾಟದಿಂದ ಕೋಣೆಯನ್ನೆಲ್ಲ ವ್ಯಾಪಿಸುತ್ತದೆ. ಮೇಲೆ ಕಿಂಡಿಯಿರುವ ಕೋಣೆಯಲ್ಲಿ ಕೆಳಗೆ ಕುಳಿತು ಕೆಲಸ ಮಾಡುವವನಿಗೆ ಆ ಕಿಂಡಿಯಿಂದ ದೊರೆಯುವ ರಕ್ಷಣೆ ಅತ್ಯಲ್ಪ. ಮೂಗನ್ನು ನಂಬುವಂತೆಯೂ ಇಲ್ಲ. ಮೊದಲ ಗಳಿಗೆಯಲ್ಲಿ ತೀಕ್ಷ್ಣವಾಗಿದ್ದ ವಾಸನೆ ಸ್ವಲ್ಪ ಹೊತ್ತಿನಲ್ಲಿಯೇ ರೂಢಿಯಾಗಿ, ಆವಿ ಇದ್ದರೂ ಇಲ್ಲವೆಂಬ ಭ್ರಮೆ ಹುಟ್ಟುತ್ತದೆ. ಆಲೆಮನೆಯ ಅನುಭವವು ಭಟ್ಟಿಮನೆಗೆ ಹಾಗೆಯೇ ಒದಗಲಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಹೊಸ ಕೈಗಾರಿಕೆ ಹೊಸ ತಿಳಿವಳಿಕೆಯನ್ನು ಬೇಡಿತು.

3. ಮಂಡ್ಯ: ಹನಿಹನಿಯ ಲೆಕ್ಕ

ಮೈಸೂರು ಸಕ್ಕರೆ ಕಂಪನಿ ಮಂಡ್ಯದಲ್ಲಿ ಸ್ಥಾಪಿತವಾದುದು 1933ರಲ್ಲಿ. ಸಂಸ್ಥಾನದ ವ್ಯವಸಾಯ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಹೆಸರು ಈ ಸಾಹಸದೊಡನೆ ಸೇರಿಹೋಗಿದೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದುದು 1939ರ ಜುಲೈ 1ರಂದು. ಎಂದರೆ ಜಿಲ್ಲೆಗಿಂತ ಕಾರ್ಖಾನೆಯೇ ಹಿರಿಯದು. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಹುದುಗಿಸಿ ಭಟ್ಟಿ ಇಳಿಸಿದರೆ ಮದ್ಯಸಾರ ದೊರೆಯುತ್ತದೆ. ಸಕ್ಕರೆಯ ಕಾರ್ಖಾನೆಗೆ ಸೇರಿಕೊಂಡಂತೆ ಮದ್ಯಸಾರದ ಉತ್ಪಾದನೆಯೂ ಮಂಡ್ಯದಲ್ಲಿ ಬೆಳೆಯಿತು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಪೆಟ್ರೋಲಿನ ಅಭಾವ ತಲೆದೋರಿದಾಗ ಪೆಟ್ರೋಲಿನೊಡನೆ ಬೆರೆಸುವ ಮದ್ಯಸಾರಕ್ಕಾಗಿ ಮೈಸೂರು ಮತ್ತು ಹೈದರಾಬಾದು ಸಂಸ್ಥಾನಗಳು ಮುಂದೆ ಬಂದುವೆಂಬುದು ಭಾರತದ ಇಂಧನಚರಿತ್ರೆಯಲ್ಲಿ ಉಲ್ಲೇಖಾರ್ಹವಾದ ಸಂಗತಿ.

ಮದ್ಯಸಾರದ ಮೇಲೆ ಸರ್ಕಾರದ ಕಣ್ಣು ಮೊದಲಿನಿಂದಲೂ ಇದ್ದಿತು. ಮೈಸೂರು ಸಂಸ್ಥಾನದ ಅಬಕಾರಿ ನಿಬಂಧನೆ 1901ರದು. ಅಬಕಾರಿಯ ಪದ್ಧತಿಯಲ್ಲಿ ಭಟ್ಟಿಯಿಂದ ಇಳಿದ ಸಾರವನ್ನು ಬೀಗಮುದ್ರೆಯ ಒಳಗೆ ಸಂಗ್ರಹಿಸುವುದು, ಅದರ ಪ್ರಮಾಣವನ್ನೂ ಕಡುಪನ್ನೂ ಉಪಕರಣಗಳಿಂದ ಅಳೆದು ಪುಸ್ತಕದಲ್ಲಿ ಬರೆಯುವುದು, ಸೋರಿಕೆಗೂ ಆವಿಯಾಗಿ ಹೋದುದಕ್ಕೂ ವಿವರಣೆ ಕೇಳುವುದು ಇವೆಲ್ಲವೂ ನಿತ್ಯದ ಕಾರ್ಯಗಳು. ಈ ಕಟ್ಟುನಿಟ್ಟಿನ ಉದ್ದೇಶ ರಾಜಾದಾಯದ ರಕ್ಷಣೆ. ಪೀಪಾಯಿಯಿಂದ ಆವಿಯಾಗಿ ಹೋದ ಮದ್ಯಸಾರವು ಅಬಕಾರಿಯ ಪುಸ್ತಕದಲ್ಲಿ ನಷ್ಟವೆಂದು ದಾಖಲಾಗುತ್ತದೆ. ಆದರೆ ಹಾಗೆ ಹೋದ ಆವಿ ಎಲ್ಲಿಗೆ ಹೋಯಿತು? ಅದರ ಒಂದು ಪಾಲು ಆ ಕೋಣೆಯಲ್ಲಿದ್ದವರ ಶ್ವಾಸಕೋಶಕ್ಕೆ ಹೋಯಿತು. ಈ ಪಾಲನ್ನು ಬರೆಯಲು ಆ ಪುಸ್ತಕದಲ್ಲಿ ಅಂಕಣವಿರಲಿಲ್ಲ.

ಹುದುಗಿಸುವ ತೊಟ್ಟಿಗಳ ಕೋಣೆಯಲ್ಲಿ ಇನ್ನೊಂದು ಅಪಾಯವುಂಟು. ಸಕ್ಕರೆ ಹುದುಗಿ 92 ತೂಕ ಮದ್ಯಸಾರವಾಗುವಾಗ 88 ತೂಕ ಇಂಗಾಲಾಮ್ಲ ವಾಯು ಹುಟ್ಟುತ್ತದೆ. 1 ಕಿಲೋಗ್ರಾಂ ಮದ್ಯಸಾರಕ್ಕೆ ಸುಮಾರು 530 ಲೀಟರ್ ವಾಯುವೆಂದು ಲೆಕ್ಕ ಬರುತ್ತದೆ. ಇದು ಗಾಳಿಗಿಂತ ಒಂದೂವರೆ ಪಟ್ಟು ಭಾರ; ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಬರಿದಾದಂತೆ ತೋರುವ ತೊಟ್ಟಿಯ ತಳದಲ್ಲಿ ಇದು ನಿಂತಿರುತ್ತದೆ. ತೊಟ್ಟಿಯನ್ನು ತೊಳೆಯಲು ಇಳಿದವನು ಮೂರ್ಛೆ ಹೋಗುವುದು, ಅವನನ್ನು ಎತ್ತಲು ಇಳಿದ ಎರಡನೆಯವನು ಅಲ್ಲಿಯೇ ಬೀಳುವುದು, ಇದು ಜಗತ್ತಿನ ಎಲ್ಲ ಭಟ್ಟಿಮನೆಗಳಿಗೂ ಪರಿಚಿತವಾದ ದುರಂತದ ಕ್ರಮ. ಎರಡನೆಯ ಸಾವು ಅಜ್ಞಾನಕ್ಕಿಂತ ಹೆಚ್ಚಾಗಿ ಕರುಣೆಯಿಂದ ಉಂಟಾದುದೆಂಬುದೇ ಇದರ ಅತ್ಯಂತ ದುಃಖಕರವಾದ ಅಂಶ.

4. 1948ರ ಎರಡು ಕಾಯಿದೆಗಳು

ನಮ್ಮ ವಿಷಯಕ್ಕೆ 1948 ಅತ್ಯಂತ ಮಹತ್ತ್ವದ ವರ್ಷ. ಆ ಒಂದೇ ವರ್ಷದಲ್ಲಿ ಭಾರತದ ಶಾಸನಸಭೆ ಅಂಗೀಕರಿಸಿದ ಎರಡು ಕಾಯಿದೆಗಳನ್ನು ಅಕ್ಕಪಕ್ಕದಲ್ಲಿಟ್ಟು ಓದಿದರೆ ನಾವು ಹೇಳಬೇಕೆಂದಿರುವುದು ಸ್ಪಷ್ಟವಾಗುತ್ತದೆ.

ಮೊದಲನೆಯದು ಆ ವರ್ಷದ 22ನೆಯ ಕಾಯಿದೆ, ಭಾರತದ ಪವರ್ ಆಲ್ಕೊಹಾಲ್ ಕಾಯಿದೆ. ಇಂಧನಕ್ಕಾಗುವ ಮದ್ಯಸಾರವು 60 ಡಿಗ್ರಿ ಫ್ಯಾರನ್‌ಹೀಟ್ ಉಷ್ಣತೆಯಲ್ಲಿ ಅಳೆದಾಗ ಗಾತ್ರದಲ್ಲಿ 99.5 ಭಾಗಕ್ಕೆ ಕಡಿಮೆಯಿಲ್ಲದಂತೆ ಶುದ್ಧವಾಗಿರಬೇಕೆಂದೂ, ಪೆಟ್ರೋಲಿನಲ್ಲಿ ಅದನ್ನು ನೂರಕ್ಕೆ 5ಕ್ಕೆ ಕಡಿಮೆಯಿಲ್ಲದೆ 25ಕ್ಕೆ ಮೀರದೆ ಬೆರೆಸಬಹುದೆಂದೂ ಈ ಕಾಯಿದೆ ಗೊತ್ತುಮಾಡಿತು. ದಶಮಾಂಶದವರೆಗೂ ನಿಖರವಾದ ಅಳತೆ ಇದು.

ಎರಡನೆಯದು ಅದೇ ವರ್ಷದ 63ನೆಯ ಕಾಯಿದೆ, ಕಾರ್ಖಾನೆಗಳ ಕಾಯಿದೆ. ಇದು 1949ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಮೈಸೂರು ಭಾರತದ ಒಕ್ಕೂಟದಲ್ಲಿ ಸೇರಿದ ಮೇಲೆ ಇಲ್ಲಿಯೂ ಇದೇ ಆಧಾರವಾಯಿತು. ಇದರ 13ನೆಯ ವಿಧಿ ಹೊಸ ಗಾಳಿ ಸಾಕಷ್ಟು ಆಡುತ್ತಿರಬೇಕೆಂದಿತು. 14ನೆಯ ವಿಧಿ ಧೂಳನ್ನೂ ಧೂಮವನ್ನೂ ಕೋಣೆಯಲ್ಲಿ ಸೇರಗೊಡದಂತೆ ಪರಿಣಾಮಕಾರಿಯಾದ ಕ್ರಮ ಕೈಗೊಳ್ಳಬೇಕೆಂದಿತು. ಹೊರಸೆಳೆಯುವ ಯಂತ್ರವನ್ನು ಅದು ಹುಟ್ಟುವ ಜಾಗಕ್ಕೆ ಆದಷ್ಟು ಹತ್ತಿರದಲ್ಲಿಡಬೇಕು, ಆ ಜಾಗವನ್ನು ಆದಷ್ಟೂ ಮುಚ್ಚಬೇಕು ಎಂದು ವಿವರಿಸಿತು. 36ನೆಯ ವಿಧಿ ತೊಟ್ಟಿ, ಗುಂಡಿ, ಕೊಳವೆಗಳಂಥ ಇಕ್ಕಟ್ಟಿನ ಸ್ಥಳಗಳನ್ನು ಕುರಿತದ್ದು: ಬಲ್ಲವನೊಬ್ಬನು ಪರೀಕ್ಷಿಸಿ ಬರಹದಲ್ಲಿ ಪ್ರಮಾಣಪತ್ರ ಕೊಟ್ಟಿರಬೇಕು, ಇಲ್ಲವೆ ಇಳಿಯುವವನು ಉಸಿರಾಟದ ಉಪಕರಣವನ್ನು ಧರಿಸಿ, ಸೊಂಟಪಟ್ಟಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿಯನ್ನು ಹೊರಗಿರುವವನ ಕೈಯಲ್ಲಿ ಕೊಟ್ಟಿರಬೇಕು. ತೊಟ್ಟಿಯೊಳಗೆ ಬೀಳುವ ಎರಡನೆಯ ಮನುಷ್ಯನನ್ನು ಉಳಿಸುವ ವಿಧಿ ಇದೇ. ಶಾಸನದ ಒಣಭಾಷೆಯಲ್ಲಿ ಇಷ್ಟು ಮಾನವೀಯವಾದ ವಾಕ್ಯಗಳು ಅಪೂರ್ವವೆಂದೇ ಹೇಳಬೇಕು.

ಆದರೆ ಆವಿಯ ವಿಷಯದಲ್ಲಿ ಈ ಕಾಯಿದೆ ಅಂಕಿಯನ್ನು ಕೊಡಲಿಲ್ಲ. ಸಾಕಷ್ಟು ಎಂದರೆ ಎಷ್ಟು, ಪರಿಣಾಮಕಾರಿ ಎಂದರೆ ಯಾವ ಮಟ್ಟಿಗೆ ಎಂಬುದು ನಿರೀಕ್ಷಕರ ವಿವೇಚನೆಗೆ ಉಳಿಯಿತು. ಅಂಕಿಯಿದ್ದುದು ಕೋಣೆಯ ಗಾತ್ರಕ್ಕೆ: ಹೊಸ ಕಾರ್ಖಾನೆಯಲ್ಲಿ ತಲೆಗೆ 500 ಘನ ಅಡಿ, ಹಳೆಯದರಲ್ಲಿ 350 ಘನ ಅಡಿ, 14 ಅಡಿಗಿಂತ ಮೇಲಿನ ಅವಕಾಶ ಲೆಕ್ಕಕ್ಕಿಲ್ಲ. ತಲೆಗಿಷ್ಟು ಗಾಳಿ ಎಂಬ ಈ ಕಲ್ಪನೆ 19ನೆಯ ಶತಮಾನದ್ದು. ಜರ್ಮನಿಯ ಪೆಟೆನ್‌ಕೋಫರ್ 1858ರಲ್ಲಿ ಕೋಣೆಯ ಗಾಳಿ ಕೆಟ್ಟಿದೆಯೋ ಇಲ್ಲವೋ ಎಂಬುದನ್ನು ಮನುಷ್ಯರು ಬಿಟ್ಟ ಉಸಿರಿನ ಇಂಗಾಲಾಮ್ಲದಿಂದ ಅಳೆದನು. ಜನರು ಕಿಕ್ಕಿರಿದ ನೂಲಿನ ಗಿರಣಿಗೂ ಶಾಲೆಗೂ ಅದು ಒಪ್ಪುವ ಅಳತೆ. ಕೋಣೆಯನ್ನು ಕೆಡಿಸುವುದು ಮನುಷ್ಯನ ಉಸಿರಲ್ಲ, ಕೆಲಸದ ಪದಾರ್ಥವೇ ಆಗಿರುವ ಕಡೆ ಅದು ಒಪ್ಪದು.

ಇದನ್ನು ಒಂದು ಸರಳವಾದ ಗಣಿತದಿಂದ ತೋರಿಸಬಹುದು. 1 ಲೀಟರ್ ಮದ್ಯಸಾರ ಆವಿಯಾದರೆ ಸುಮಾರು 419 ಲೀಟರ್ ಆವಿ ಆಗುತ್ತದೆ. ಮುಂದೆ 1987ರಲ್ಲಿ ಭಾರತದ ಕಾನೂನು ಒಪ್ಪಿಕೊಂಡ ಮಿತಿಯಂತೆ ಗಾಳಿಯ 10 ಲಕ್ಷ ಭಾಗಗಳಲ್ಲಿ ಮದ್ಯಸಾರದ ಆವಿ 1000 ಭಾಗವನ್ನು ಮೀರಬಾರದು. ಈ ಮಿತಿಗೆ ಇಳಿಸಬೇಕಾದರೆ ಆ 1 ಲೀಟರಿಗೆ 419 ಘನ ಮೀಟರ್ ಗಾಳಿ ಬೇಕು. 500 ಘನ ಅಡಿಯೆಂದರೆ 14.2 ಘನ ಮೀಟರ್. ಹಾಗಾದರೆ ನೆಲಕ್ಕೆ ಚೆಲ್ಲಿದ ಒಂದು ಲೀಟರ್ ಮದ್ಯಸಾರವು ಸುಮಾರು 30 ಮಂದಿಗೆಂದು ಕಾನೂನು ಮೀಸಲಿಟ್ಟ ಗಾಳಿಯನ್ನು ತಾನೊಂದೇ ಬಳಸಿಕೊಳ್ಳುತ್ತದೆ. ಮದ್ಯಸಾರವು ದ್ರಾವಕಗಳಲ್ಲಿ ಸೌಮ್ಯವಾದುದು. ಉಳಿದವುಗಳ ಗತಿಯೇನೆಂಬುದನ್ನು ಮುಂದೆ ನೋಡೋಣ.

5. ಬೆಂಜೀನಿನ ಪಾಠ

ಸಾಮಾನ್ಯ ಭಟ್ಟಿಯಿಂದ ಮದ್ಯಸಾರವನ್ನು ತೂಕದಲ್ಲಿ ನೂರಕ್ಕೆ 95.6ರವರೆಗೆ ಮಾತ್ರ ಶುದ್ಧಮಾಡಬಹುದು. ಅಲ್ಲಿಂದ ಮುಂದೆ ನೀರೂ ಮದ್ಯಸಾರವೂ ಒಟ್ಟಿಗೇ ಕುದಿಯುತ್ತವೆ. ಉಳಿದ ನೀರನ್ನು ತೆಗೆಯಲು ಬೆಂಜೀನನ್ನು ಬೆರೆಸಿ ಭಟ್ಟಿ ಇಳಿಸಬಹುದೆಂದು ಸಿಡ್ನಿ ಯಂಗ್ ಎಂಬ ರಸಾಯನಶಾಸ್ತ್ರಜ್ಞನು 1902ರಲ್ಲಿ ತೋರಿಸಿದನು. ಮೂರೂ ಕೂಡಿದ ಮಿಶ್ರಣ 65 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಮೊದಲು ಹೊರಟುಹೋಗಿ ಶುದ್ಧ ಮದ್ಯಸಾರ ಉಳಿಯುತ್ತದೆ. ಇಂಧನದ ಮದ್ಯಸಾರವನ್ನು ತಯಾರಿಸುವ ಕಾರ್ಖಾನೆಗಳಲ್ಲಿ ಬಹುಕಾಲ ವಾಡಿಕೆಯಲ್ಲಿದ್ದ ವಿಧಾನ ಇದು. ಎಂದರೆ ಕಾನೂನು ಕೇಳಿದ 99.5ರ ಶುದ್ಧಿಗೆ ಸಾಮಾನ್ಯವಾದ ದಾರಿ ಬೆಂಜೀನಿನ ಮೂಲಕ ಹಾದುಹೋಗುತ್ತಿದ್ದಿತು.

ಬೆಂಜೀನ್ ರಕ್ತವನ್ನು ಹುಟ್ಟಿಸುವ ಅಸ್ಥಿಮಜ್ಜೆಯನ್ನು ಕೆಡಿಸುತ್ತದೆಂಬ ಸಂಗತಿ ಹೊಸದಾಗಿರಲಿಲ್ಲ. ಸ್ವೀಡನ್ನಿನಲ್ಲಿ ಬೈಸಿಕಲ್ ಟೈರುಗಳನ್ನು ಮಾಡುವ ಕಾರ್ಖಾನೆಯ ಹೆಣ್ಣುಮಕ್ಕಳಲ್ಲಿ ಕಂಡ ರಕ್ತಕ್ಷಯವನ್ನು 1897ರಲ್ಲಿಯೇ ವರದಿ ಮಾಡಲಾಗಿದ್ದಿತು. ರಕ್ತದ ಕ್ಯಾನ್ಸರಿಗೂ ಅದಕ್ಕೂ ಇರುವ ಸಂಬಂಧವು 20ನೆಯ ಶತಮಾನದಲ್ಲಿ ಸ್ಥಿರಪಟ್ಟಿತು. ಜ್ಞಾನ ಬೆಳೆದಂತೆ ಮಿತಿ ಇಳಿಯಿತು. ಅಮೆರಿಕದ ಔದ್ಯೋಗಿಕ ಆರೋಗ್ಯತಜ್ಞರ ಸಂಘವು 1946ರಲ್ಲಿ 10 ಲಕ್ಷಕ್ಕೆ 100 ಭಾಗವೆಂದು ಹೇಳಿದ್ದ ಮಿತಿಯು 1997ರಲ್ಲಿ ಅರ್ಧ ಭಾಗಕ್ಕೆ ಇಳಿಯಿತು. ಅರ್ಧ ಶತಮಾನದಲ್ಲಿ 200 ಪಟ್ಟು ಇಳಿತ! 1946ರ ಅಳತೆಯನ್ನು ನಂಬಿ ಕೆಲಸ ಮಾಡಿದವನು ನಿಯಮವನ್ನು ಮೀರಿರಲಿಲ್ಲ. ಆದರೂ ಅವನ ಮಜ್ಜೆಗೆ ಅಪಾಯ ತಪ್ಪಿರಲಿಲ್ಲ.

ಮೇಲಿನ ಗಣಿತವನ್ನೇ ಇಲ್ಲಿಯೂ ಮಾಡಿದರೆ, 1 ಲೀಟರ್ ಬೆಂಜೀನಿನ ಆವಿಯನ್ನು ಅರ್ಧ ಭಾಗದ ಮಿತಿಗೆ ಇಳಿಸಲು ಸುಮಾರು 5 ಲಕ್ಷ 48 ಸಾವಿರ ಘನ ಮೀಟರ್ ಗಾಳಿ ಬೇಕಾಗುತ್ತದೆ. ಯಾವ ಕಿಟಕಿಯೂ ಯಾವ ಬೀಸಣಿಗೆಯೂ ಇದನ್ನು ಒದಗಿಸಲಾರದು. ಗಾಳಿಯಾಡಿಸಿ ತೆಳುಮಾಡುವುದೆಂಬ ಉಪಾಯವು ಇಲ್ಲಿ ಸೋಲುತ್ತದೆ. ಉಳಿಯುವ ದಾರಿಗಳು ಎರಡು: ಆವಿ ಹೊರಗೆ ಬಾರದಂತೆ ಉಪಕರಣವನ್ನು ಪೂರ್ಣವಾಗಿ ಮುಚ್ಚುವುದು, ಅಥವಾ ಆ ಪದಾರ್ಥವನ್ನೇ ಬಿಡುವುದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1971ರಲ್ಲಿ ಅಂಗೀಕರಿಸಿದ 136ನೆಯ ಒಡಂಬಡಿಕೆ ಈ ತತ್ತ್ವವನ್ನೇ ಒಪ್ಪಿ, ಮುಚ್ಚಿದ ಉಪಕರಣದಲ್ಲಿ ಅಥವಾ ಅಷ್ಟೇ ಕ್ಷೇಮಕರವಾದ ವಿಧಾನದಲ್ಲಲ್ಲದೆ ಬೆಂಜೀನನ್ನು ದ್ರಾವಕವಾಗಿ ಬಳಸುವುದನ್ನು ನಿಷೇಧಿಸಬೇಕೆಂದಿತು. ಭಾರತವು ಇದಕ್ಕೆ 1991ರಲ್ಲಿ ಸಮ್ಮತಿಯನ್ನಿತ್ತಿತು.

1948ರ ಪವರ್ ಆಲ್ಕೊಹಾಲ್ ಕಾಯಿದೆ 2000ದಲ್ಲಿ ರದ್ದಾಯಿತು. ಆದರೆ ಪೆಟ್ರೋಲಿನಲ್ಲಿ ಮದ್ಯಸಾರವನ್ನು ಬೆರೆಸುವ ನೀತಿ ಬೇರೆ ರೂಪದಲ್ಲಿ ಮರಳಿ ಬಂದು, 2025ರಲ್ಲಿ ನೂರಕ್ಕೆ 20ರ ಗುರಿಯನ್ನು ಮುಟ್ಟಿತು. ಈ ಹೊಸ ಯುಗದ ಕಾರ್ಖಾನೆಗಳಲ್ಲಿ ನೀರನ್ನು ತೆಗೆಯಲು ಸಾಮಾನ್ಯವಾಗಿ ಬಳಸುವುದು ಬೆಂಜೀನನ್ನಲ್ಲ, ನೀರನ್ನು ತನ್ನ ಸೂಕ್ಷ್ಮರಂಧ್ರಗಳಲ್ಲಿ ಹಿಡಿದುಕೊಳ್ಳುವ ಜಿಯೊಲೈಟ್ ಹರಳುಗಳನ್ನು. ಗಾಳಿಯನ್ನು ಕಾಯುವ ಅತ್ಯುತ್ತಮ ಕ್ರಮವು ಬೀಸಣಿಗೆಯಲ್ಲ, ಪದಾರ್ಥದ ಬದಲಾವಣೆಯೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

6. ಅಸಿಟೇಟ್ ಮತ್ತು ಮರೆತ ಎಚ್ಚರಿಕೆ

ಮಂಡ್ಯದ ಮದ್ಯಸಾರವು ರಸಾಯನ ಕೈಗಾರಿಕೆಗೂ ದಾರಿಮಾಡಿತು. ಮೈಸೂರು ಅಸಿಟೇಟ್ ಅಂಡ್ ಕೆಮಿಕಲ್ಸ್ ಕಂಪನಿ 1963ರಲ್ಲಿ ರಾಜ್ಯದ ಉದ್ಯಮವಾಗಿ ಹುಟ್ಟಿತು. ಈಗ ಅದು ಕೆಲಸ ಮಾಡುತ್ತಿಲ್ಲ. ಮದ್ಯಸಾರದಿಂದ ಅಸಿಟಿಕ್ ಆಮ್ಲವನ್ನೂ, ಆ ಆಮ್ಲದ ಸಹಾಯದಿಂದ ಹತ್ತಿಯ ಅಥವಾ ಮರದ ನಾರನ್ನು ಸೆಲ್ಯುಲೋಸ್ ಅಸಿಟೇಟನ್ನಾಗಿಯೂ ಮಾಡುವುದು ಈ ಬಗೆಯ ಕೈಗಾರಿಕೆಯ ಸ್ವರೂಪ. ಸೆಲ್ಯುಲೋಸ್ ಅಸಿಟೇಟನ್ನು ನೂಲಾಗಿಯೋ ಹಾಳೆಯಾಗಿಯೋ ಮಾಡಬೇಕಾದರೆ ಅದನ್ನು ದ್ರಾವಕದಲ್ಲಿ, ಸಾಮಾನ್ಯವಾಗಿ ಅಸಿಟೋನಿನಲ್ಲಿ, ಕರಗಿಸಬೇಕು.

ಈ ಪದಾರ್ಥದ ಚರಿತ್ರೆಯಲ್ಲಿಯೇ ಒಂದು ಎಚ್ಚರಿಕೆ ಅಡಗಿದೆ. ಮೊದಲನೆಯ ಮಹಾಯುದ್ಧದ ಕಾಲದ ವಿಮಾನಗಳ ರೆಕ್ಕೆಗಳು ಬಟ್ಟೆಯವು. ಬಟ್ಟೆ ಬಿಗಿಯಾಗಿ ನಿಲ್ಲಲೆಂದು ಸೆಲ್ಯುಲೋಸ್ ಅಸಿಟೇಟನ್ನು ಟೆಟ್ರಾಕ್ಲೋರೋಈಥೇನ್ ಎಂಬ ದ್ರಾವಕದಲ್ಲಿ ಕರಗಿಸಿ ಬಳಿಯುತ್ತಿದ್ದರು. 1914ರಿಂದೀಚೆಗೆ ಜರ್ಮನಿಯಲ್ಲಿಯೂ ಇಂಗ್ಲೆಂಡಿನಲ್ಲಿಯೂ ಈ ಕೆಲಸ ಮಾಡಿದವರಿಗೆ ತೀವ್ರವಾದ ಕಾಮಾಲೆ ಬಂದು ಕೆಲವರು ಮರಣ ಹೊಂದಿದರು. ಆ ಕಾಮಾಲೆಯನ್ನು 1916ರಲ್ಲಿ ಬ್ರಿಟನ್ನಿನಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗವೆಂದು ಸಾರಲಾಯಿತು. ಮುಂದೆ ಆ ದ್ರಾವಕದ ಸ್ಥಾನವನ್ನು ಅಸಿಟೋನಿನಂಥವು ಪಡೆದುವು. ಇಲ್ಲಿಯೂ ಜನರನ್ನು ಉಳಿಸಿದುದು ಪದಾರ್ಥದ ಬದಲಾವಣೆ. ಆದರೆ ಬದಲಿಗೆ ಬಂದುದು ನಿರಪಾಯಕಾರಿಯೇನಲ್ಲ: ಅಸಿಟೋನಿನ ಆವಿ ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲಿಯೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಮದ್ಯಸಾರವಾದರೋ 13 ಡಿಗ್ರಿಯ ಸುಮಾರಿಗೆ. ಮಂಡ್ಯದ ಹವೆಯಲ್ಲಿ ಎರಡೂ ಸದಾ ಹೊತ್ತಿಕೊಳ್ಳಲು ಸಿದ್ಧವಾಗಿರುತ್ತವೆಂದೇ ತಿಳಿಯಬೇಕು.

7. ಮದ್ದೂರು: ಒಂದು ಬಾಗಿಲಿನ ಅಂಗಡಿ

ಮಂಡ್ಯದಿಂದ ಬೆಂಗಳೂರಿನ ಕಡೆಗೆ ಹೊರಟರೆ ಮದ್ದೂರು ಸಿಕ್ಕುತ್ತದೆ. ಹೆದ್ದಾರಿಯ ಮೇಲಿನ ಗೆಜ್ಜಲಗೆರೆ, ಸೋಮನಹಳ್ಳಿಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ. ಆದರೆ ನಾವು ಇಲ್ಲಿ ಗಮನಿಸಬೇಕೆಂದಿರುವುದು ಅವುಗಳನ್ನಲ್ಲ, ಪೇಟೆಯ ಸಣ್ಣ ಕಾರ್ಯಾಗಾರಗಳನ್ನು. ಮರಗೆಲಸದವನು ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಾಗಿಲಿಗೆ ಪಾಲಿಶ್ ಹಾಕುತ್ತಾನೆ. ವಾಹನಕ್ಕೆ ಬಣ್ಣ ಹೊಡೆಯುವವನು ತಿನ್ನರ್ ಬೆರೆಸುತ್ತಾನೆ. ಮುದ್ರಣಾಲಯದಲ್ಲಿ ಅಚ್ಚಿನ ಉರುಳೆಗಳನ್ನು ದ್ರಾವಕದಿಂದ ಒರೆಸುತ್ತಾರೆ. ಇಬ್ಬರು ಮೂವರು ಕೆಲಸ ಮಾಡುವ, ಮುಂದೆ ಒಂದೇ ಬಾಗಿಲು, ಹಿಂದೆ ಗೋಡೆ ಇರುವ ಕೋಣೆ. ಧೂಳು ಬಣ್ಣಕ್ಕೆ ಕೂರಬಾರದೆಂದು ಆ ಒಂದು ಬಾಗಿಲನ್ನೂ ಎಷ್ಟೋ ವೇಳೆ ಅರ್ಧ ಎಳೆದಿರುತ್ತಾರೆ.

10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಅಂಥ ಕೋಣೆಯಲ್ಲಿ ಸುಮಾರು 34 ಘನ ಮೀಟರ್ ಗಾಳಿಯಿರುತ್ತದೆ. ಬಾಗಿಲೆಳೆದು ಅರ್ಧ ಲೀಟರ್ ಟಾಲೂಯಿನನ್ನು ಅಲ್ಲಿ ಆರಗೊಟ್ಟರೆ ಗಾಳಿಯ 10 ಲಕ್ಷ ಭಾಗಕ್ಕೆ 3300ಕ್ಕೂ ಹೆಚ್ಚು ಭಾಗ ಆವಿ ಸೇರುತ್ತದೆ. 1987ರ ಕಾನೂನಿನ ಮಿತಿ 100 ಭಾಗ. ಎಂದರೆ ಮಿತಿಯ 30 ಪಟ್ಟಿಗೂ ಮೀರಿದುದು. ಸಂಜೆಯ ತಲೆನೋವು, ಅಮಲು, ಮರೆವು ಇವನ್ನು ಕೆಲಸದವನು ಆಯಾಸವೆಂದು ಭಾವಿಸಿ ಮನೆಗೆ ಹೋಗುತ್ತಾನೆ. ಇಟಲಿಯ ರಮಾಜಿನಿ 1700ರಲ್ಲಿ ವೃತ್ತಿರೋಗಗಳನ್ನು ಕುರಿತು ಗ್ರಂಥ ಬರೆದಾಗ, ವೈದ್ಯನು ರೋಗಿಯನ್ನು ನೀನು ಯಾವ ಕಸಬಿನವನೆಂದು ಕೇಳಲೇಬೇಕೆಂದು ಹೇಳಿದನು. ಆ ಪ್ರಶ್ನೆಯನ್ನು ಕೇಳುವ ಅಭ್ಯಾಸ ನಮ್ಮ ಚಿಕಿತ್ಸಾಲಯಗಳಲ್ಲಿ ಇನ್ನೂ ವ್ಯಾಪಕವಾಗಬೇಕಾಗಿದೆ.

ಮದ್ದೂರಿನ ನೆರೆಯ ತಾಲ್ಲೂಕಾದ ಚನ್ನಪಟ್ಟಣದ ಗೊಂಬೆಗಳ ಕಸಬನ್ನು ಇದರೊಡನೆ ಹೋಲಿಸಿ ನೋಡಬೇಕು. ಅಲ್ಲಿ ಬಳಸುವುದೂ ಅರಗನ್ನೇ. ಆದರೆ ಸಾಂಪ್ರದಾಯಿಕ ವಿಧಾನದಲ್ಲಿ ಅರಗನ್ನು ಕರಗಿಸುವುದು ಸ್ಪಿರಿಟ್ಟಲ್ಲ. ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿಹಿಡಿದಾಗ ಉಜ್ಜುವಿಕೆಯಿಂದ ಹುಟ್ಟುವ ಶಾಖ. ಬಣ್ಣ ಹತ್ತಿದ ಮೇಲೆ ಎಲೆಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಒಂದೇ ಪದಾರ್ಥ, ಎರಡು ವಿಧಾನ. ಒಂದರಲ್ಲಿ ಆವಿಯುಂಟು, ಇನ್ನೊಂದರಲ್ಲಿ ದ್ರಾವಕವೇ ಇಲ್ಲ. ಎಲ್ಲ ಕೆಲಸಕ್ಕೂ ಚನ್ನಪಟ್ಟಣದ ವಿಧಾನ ಒಗ್ಗದೆಂಬುದು ನಿಜ. ಆದರೆ ದ್ರಾವಕವಿಲ್ಲದೆ ಕೆಲಸವೇ ಸಾಗದೆಂಬ ನಂಬಿಕೆಯನ್ನು ಪ್ರಶ್ನಿಸಲು ಇಷ್ಟು ಸಾಕು.

8. ಮಳವಳ್ಳಿ: ಹುಳುವಿನ ಮನೆ, ಮನುಷ್ಯರ ಮನೆ

ಮಳವಳ್ಳಿ ತಾಲ್ಲೂಕಿನ ಹೆಸರು ನಮ್ಮ ಕೈಗಾರಿಕಾ ಚರಿತ್ರೆಯಲ್ಲಿ ಮೊದಲು ಬರುವುದು ಶಿವನಸಮುದ್ರದಿಂದ. ಅಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ನೆಲದ ಆಳದಲ್ಲಿ ಯಂತ್ರಗಳನ್ನು ನಡೆಸಲು ಮಳವಳ್ಳಿಯ ನೀರು ದುಡಿಯುತ್ತಿದ್ದಾಗ ಮಳವಳ್ಳಿಯ ಹಳ್ಳಿಗಳ ಮನೆಗಳು ಎಣ್ಣೆಯ ದೀಪದಲ್ಲಿದ್ದುವು. ಯಂತ್ರದ ಬೀಸಣಿಗೆಯ ಮಾತು ಅಲ್ಲಿ ದೂರವೇ ಉಳಿಯಿತು.

ಈ ಸೀಮೆಯ ಮನೆಗಳಲ್ಲಿ ರೇಷ್ಮೆಯ ಹುಳುವನ್ನು ಸಾಕುತ್ತಾರೆ. ಹುಳುವಿಗೆ ರೋಗ ತಗಲದಂತೆ ಕೋಣೆಯನ್ನೂ ತಟ್ಟೆ ಚಂದ್ರಿಕೆಗಳನ್ನೂ ಶುದ್ಧಿಮಾಡಲು ಬಹುಕಾಲ ಬಳಸಿದ ಔಷಧ ಫಾರ್ಮಲಿನ್. ಇದನ್ನು ದ್ರಾವಕವೆನ್ನಲು ಬಾರದು. ಆದರೆ ಕೋಣೆಯ ಗಾಳಿಯನ್ನು ಕೆಡಿಸುವ ಆವಿಯೆಂಬ ಕಾರಣದಿಂದ ನಮ್ಮ ವಿಷಯಕ್ಕೆ ಸಂಬಂಧಿಸಿದೆ. ನೂರಕ್ಕೆ 36 ಭಾಗದ ಫಾರ್ಮಲಿನ್ನಿನ ಒಂದು ಪಾಲಿಗೆ 17 ಪಾಲು ನೀರು ಬೆರೆಸಿದರೆ ನೂರಕ್ಕೆ 2 ಭಾಗದ ದ್ರಾವಣ ಸಿದ್ಧವಾಗುತ್ತದೆ. ಅದನ್ನು ಸಿಂಪಡಿಸಿ, ಆವಿ ಹೊರಗೆ ಹೋಗದಂತೆ ಕೋಣೆಯನ್ನು ಭದ್ರವಾಗಿ ಮುಚ್ಚಿ ಒಂದು ದಿವಸ ಬಿಡಬೇಕು. ಅನಂತರ ಬಾಗಿಲು ಕಿಟಕಿಗಳನ್ನು ತೆರೆದು ಗಾಳಿಯಾಡಿಸಬೇಕು.

ಇಲ್ಲಿ ವಿಚಿತ್ರವಾದ ಒಂದು ವಿರೋಧವಿದೆ. ರೋಗಾಣು ಸಾಯಬೇಕಾದರೆ ಆವಿ ಕೋಣೆಯಲ್ಲಿ ನಿಲ್ಲಬೇಕು. ಮನುಷ್ಯ ಕ್ಷೇಮವಾಗಿರಬೇಕಾದರೆ ಆವಿ ಹೊರಗೆ ಹೋಗಬೇಕು. ಹುಳುವಿಗೆ ಬೇರೆ ಕಟ್ಟಡವಿದ್ದವರಿಗೆ ಇದು ತೊಡಕಲ್ಲ. ಹುಳುವೂ ಮಕ್ಕಳೂ ಒಂದೇ ಸೂರಿನ ಕೆಳಗೆ ಇದ್ದ ಮನೆಗಳಲ್ಲಿ ಇದು ತೊಡಕೇ ಆಗಿದ್ದಿತು. ಫಾರ್ಮಾಲ್ಡಿಹೈಡು ಮನುಷ್ಯರಲ್ಲಿ ಕ್ಯಾನ್ಸರನ್ನು ಉಂಟುಮಾಡುವ ಪದಾರ್ಥವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆ 2004ರಲ್ಲಿ ನಿರ್ಣಯಿಸಿತು. ಈಚಿನ ವರ್ಷಗಳಲ್ಲಿ ಕ್ಲೋರಿನ್ ಮೂಲದ ಬೇರೆ ಶುದ್ಧಿಕಾರಕಗಳು ಬಳಕೆಗೆ ಬಂದಿವೆ. ಕಾರ್ಖಾನೆಗಳ ಕಾಯಿದೆಯಾಗಲಿ ಅದರ ನಿರೀಕ್ಷಕರಾಗಲಿ ಈ ಮನೆಗಳ ಹೊಸ್ತಿಲನ್ನು ದಾಟಲು ಆಸ್ಪದವಿರಲಿಲ್ಲ. ಗಾಳಿಯನ್ನು ಕಾಯುವ ಹೊಣೆ ಮನೆಯವರದೇ, ಅದರಲ್ಲಿಯೂ ಹುಳುವಿನ ಆರೈಕೆ ಮಾಡುವ ಹೆಂಗಸರದೇ ಆಗಿದ್ದಿತು.

9. 1987 ಮತ್ತು ಅನಂತರ

ಭೋಪಾಲದ ದುರಂತ ನಡೆದುದು 1984ರ ಡಿಸೆಂಬರಿನಲ್ಲಿ. ಅದರ ಪರಿಣಾಮವಾಗಿ 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಅಪಾಯಕರ ಪ್ರಕ್ರಿಯೆಗಳ ಬಗ್ಗೆ ಒಂದು ಹೊಸ ಅಧ್ಯಾಯವನ್ನು ಸೇರಿಸಲಾಯಿತು. ಕೆಲಸದ ಗಾಳಿಯಲ್ಲಿ ಯಾವ ಪದಾರ್ಥ ಎಷ್ಟು ಇರಬಹುದೆಂಬ ಪಟ್ಟಿ ಆಗ ಮೊದಲ ಬಾರಿಗೆ ಕಾಯಿದೆಯ ಅಂಗವಾಯಿತು: 10 ಲಕ್ಷ ಭಾಗಕ್ಕೆ ಮದ್ಯಸಾರ 1000, ಅಸಿಟೋನ್ 750, ಅಸಿಟಿಕ್ ಆಮ್ಲ 10, ಇಂಗಾಲಾಮ್ಲ 5000 ಇತ್ಯಾದಿ. ಅಪಾಯದ ಸ್ವರೂಪವನ್ನು ಕೆಲಸಗಾರರಿಗೆ ತಿಳಿಸುವ ಕರ್ತವ್ಯ, ವೈದ್ಯಪರೀಕ್ಷೆ, ಅಪಾಯ ಸಮೀಪಿಸಿದೆಯೆಂದು ಎಚ್ಚರಿಸುವ ಕೆಲಸಗಾರನ ಹಕ್ಕು ಇವು ಅದೇ ಅಧ್ಯಾಯದಿಂದ ಬಂದುವು. 1901ರಿಂದ 1987ಕ್ಕೆ 86 ವರ್ಷ. ಮದ್ಯಸಾರವನ್ನು ಸುಂಕಕ್ಕಾಗಿ ಅಳೆಯತೊಡಗಿದ ಕಾಲಕ್ಕೂ ಅದರ ಆವಿಯನ್ನು ಉಸಿರಿಗಾಗಿ ಅಳೆಯಬೇಕೆಂದ ಕಾಲಕ್ಕೂ ನಡುವಣ ಅಂತರ ಇಷ್ಟು.

2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು 2025ರ ನವೆಂಬರ್ 21ರಂದು ಜಾರಿಗೆ ಬಂದು 1948ರ ಕಾಯಿದೆಯ ಸ್ಥಾನವನ್ನು ಪಡೆಯಿತು. ಹಳೆಯ ಕಾಯಿದೆಯಲ್ಲಿ ವಿದ್ಯುತ್ತನ್ನು ಬಳಸುವ ಕಡೆ 10 ಮಂದಿ, ಬಳಸದ ಕಡೆ 20 ಮಂದಿ ಇದ್ದರೆ ಅದು ಕಾರ್ಖಾನೆ. ಸಂಹಿತೆಯಲ್ಲಿ ಈ ಸಂಖ್ಯೆಗಳು 20 ಮತ್ತು 40 ಆಗಿವೆ. 10 ಮಂದಿಯಿರುವ ಇತರ ಸ್ಥಳಗಳಿಗೂ ಸಾಮಾನ್ಯ ಕರ್ತವ್ಯಗಳು ಅನ್ವಯಿಸುತ್ತವೆ. ಅಪಾಯಕರವೆಂದು ಸರ್ಕಾರ ಸಾರಿದ ಕೆಲಸಕ್ಕೆ ಒಬ್ಬನೇ ಇದ್ದರೂ ಅನ್ವಯಿಸಲು ಅವಕಾಶವಿದೆ. ಆದರೆ ಅಂಥ ಸಾರಿಕೆಯಿಲ್ಲದೆ ಮದ್ದೂರಿನ ಒಂದು ಬಾಗಿಲಿನ ಅಂಗಡಿ ಈ ಸಂಖ್ಯೆಗಳ ಹೊರಗೇ ಉಳಿಯುತ್ತದೆ. ಆವಿಯಾದರೋ ತಲೆಗಳನ್ನು ಎಣಿಸಿ ಹಬ್ಬುವುದಿಲ್ಲ.

10. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಂಗತಿಗಳು ವ್ಯಕ್ತವಾಗುತ್ತವೆ. ಒಂದನೆಯದಾಗಿ, ಅಳತೆ ತಿಳಿಯದುದರಿಂದ ಗಾಳಿ ಅಳೆಯದೆ ಉಳಿಯಿತೆಂದು ಹೇಳಲು ಬಾರದು. ಬೇಕೆಂದುದನ್ನು ಸರ್ಕಾರ ದಶಮಾಂಶದವರೆಗೆ ಅಳೆಯಬಲ್ಲದಾಗಿದ್ದಿತು. ಎರಡನೆಯದಾಗಿ, ಕ್ಷೇಮದ ಕ್ರಮಗಳಲ್ಲಿ ಒಂದು ತಾರತಮ್ಯವುಂಟು: ಪದಾರ್ಥವನ್ನು ಬದಲಾಯಿಸುವುದು ಮೊದಲು, ಮುಚ್ಚುವುದು ಅನಂತರ, ಹುಟ್ಟಿದ ಜಾಗದಲ್ಲಿಯೇ ಸೆಳೆದು ಹೊರಗಟ್ಟುವುದು ಅದರ ಮೇಲೆ, ಕಿಟಕಿ ತೆರೆಯುವುದೂ ಮುಖಕ್ಕೆ ಕವಚ ಕಟ್ಟುವುದೂ ಕೊನೆಗೆ. ಬಟ್ಟೆಯ ಮುಖವಸ್ತ್ರ ಆವಿಯನ್ನು ತಡೆಯುವುದೇ ಇಲ್ಲ. ಮೂರನೆಯದಾಗಿ, ಕಾನೂನು ದೊಡ್ಡ ಕಾರ್ಖಾನೆಯಿಂದ ಸಣ್ಣ ಅಂಗಡಿಗೆ, ಅಂಗಡಿಯಿಂದ ಮನೆಗೆ ಬರುವಷ್ಟರಲ್ಲಿ ಕ್ಷೀಣವಾಗುತ್ತದೆ, ಅಪಾಯವು ಕ್ಷೀಣವಾಗುವುದಿಲ್ಲ.

ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಇಲ್ಲಿ ಕೆಲಸವಿದೆ. ಭಟ್ಟಿಮನೆಯಲ್ಲಿ, ರಸಾಯನ ಕಾರ್ಖಾನೆಯಲ್ಲಿ, ಹುಳುವಿನ ಮನೆಯಲ್ಲಿ ದುಡಿದ ಹಿರಿಯರು ನಮ್ಮ ನಡುವೆ ಇನ್ನೂ ಇದ್ದಾರೆ. ಯಾವ ಕೋಣೆಯಲ್ಲಿ ಕುಳಿತಿರಿ, ಬಾಗಿಲು ಯಾವ ಕಡೆಗಿತ್ತು, ಸಂಜೆ ಮನೆಗೆ ಬಂದಾಗ ಹೇಗಿರುತ್ತಿತ್ತು ಎಂದು ಅವರನ್ನು ಕೇಳಿ ಬರೆದಿಟ್ಟುಕೊಂಡರೆ ಅಬಕಾರಿಯ ಪುಸ್ತಕದಲ್ಲಿಲ್ಲದ ಅಂಕಣ ಸ್ವಲ್ಪಮಟ್ಟಿಗಾದರೂ ತುಂಬೀತು. ಈ ಕಾರ್ಯಕ್ಕೆ ದೊಡ್ಡ ಅನುದಾನ ಬೇಡ. ಒಂದು ಟಿಪ್ಪಣಿಪುಸ್ತಕ ಸಾಕು. ರಸಾಯನಶಾಸ್ತ್ರದ ವಿದ್ಯಾರ್ಥಿಗಳು ತಮ್ಮ ಪ್ರಯೋಗಶಾಲೆಯ ಧೂಮಪೆಟ್ಟಿಗೆ ನಿಜವಾಗಿಯೂ ಗಾಳಿಯನ್ನು ಸೆಳೆಯುತ್ತಿದೆಯೇ ಎಂದು ಒಂದು ಕಾಗದದ ಚೂರನ್ನು ಹಿಡಿದು ನೋಡುವುದರಿಂದ ಈ ಅಧ್ಯಯನವನ್ನು ಆರಂಭಿಸಬಹುದು.